ತಲೆಯಾಡಿಸುವ ಜೋಡೆತ್ತು: ಆಟಿಕೆ ಕ್ಲಾಸಿನಲ್ಲಿ ನಾವು ಕಟ್ಟಿದ್ದು, ಮುರಿದದ್ದು, ಮತ್ತೆ ಕಟ್ಟಿದ್ದು

ನನ್ನ ಮೇಜಿನ ಮೇಲೆ ಒಂದು ಮರದ ಗಾಡಿ ಇದೆ. ಉದ್ದ ಸುಮಾರು ಒಂದು ಗೇಣು. ಮುಂದೆ ಎರಡು ಎತ್ತು, ಹಿಂದೆ ಪುಟ್ಟ ತೊಟ್ಟಿಲಿನಂಥ ಬಂಡಿ. ಗಾಲಿ ಉರುಳಿದರೆ ಎಡಗಡೆಯ ಎತ್ತು ತಲೆ ಎತ್ತುತ್ತದೆ, ಬಲಗಡೆಯದು ತಗ್ಗಿಸುತ್ತದೆ. ಇನ್ನರ್ಧ ಸುತ್ತು ಉರುಳಿದರೆ ಅದು ಇದಾಗುತ್ತದೆ, ಇದು ಅದಾಗುತ್ತದೆ. ಇಷ್ಟೇ ಆಟ. ಇಷ್ಟಕ್ಕೆ ನಾವು ನಾಲ್ಕು ಜನ ಒಂದು ಇಡೀ ಸೆಮಿಸ್ಟರ್ ಕೊಟ್ಟೆವು. ಎಲ್ಲಿ ಎಡವಿದೆವು, ಏನು ಮಾಡಿ ಸರಿಮಾಡಿದೆವು ಅನ್ನುವುದನ್ನು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ಇಂಥದ್ದು ಮಾಡುವವರಿಗೆ ನಮ್ಮ ಅಳತೆಗಳಾದರೂ ಉಪಯೋಗಕ್ಕೆ ಬರಲಿ.

ನಾನು ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ. ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ. ಈ ಸೆಮಿಸ್ಟರ್‌ನಲ್ಲಿ ಆಟಿಕೆ ವಿನ್ಯಾಸ ಅಂತ ಒಂದು ಐಚ್ಛಿಕ ವಿಷಯ ಇತ್ತು. ಅಮೆರಿಕದ ಎಂಐಟಿಯಲ್ಲಿ 2.00ಬಿ ಅನ್ನುವ ನಂಬರಿನ ಕ್ಲಾಸ್ ಇದೆ. ಅಲ್ಲಿ ಮೊದಲ ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು ಆಟಿಕೆ ಯೋಚಿಸಿ, ಮಾದರಿ ಮಾಡಿ, ಕೊನೆಗೆ ಎಲ್ಲರ ಮುಂದೆ ಆಡಿ ತೋರಿಸುತ್ತಾರೆ. ನಮ್ಮ ಸರ್ ಅದೇ ಕ್ರಮ ತಂದರು: ಮೊದಲು ಚಿತ್ರ, ಆಮೇಲೆ ರಟ್ಟಿನ ಮಾದರಿ, ಆಮೇಲೆ ಕೆಲಸ ಮಾಡುವ ಮಾದರಿ, ಆಮೇಲೆ ಮಗುವಿನ ಕೈಗೆ. ಒಂದೇ ಷರತ್ತು: ಬ್ಯಾಟರಿ ಇರಬಾರದು.

ನಮ್ಮ ಗುಂಪಿನಲ್ಲಿ ಸಿಂಧನೂರಿನವನೊಬ್ಬ, ಕಂಪ್ಲಿಯವನೊಬ್ಬ, ಸಂಡೂರಿನವಳೊಬ್ಬಳು, ನಾನು. ಮೊದಲ ವಾರ ಎಲ್ಲರೂ ಕಾರು, ರೋಬೋಟ್ ಅಂತ ಬರೆದೆವು. ಎತ್ತಿನ ಮಾತು ತೆಗೆದದ್ದು ಸಂಡೂರಿನವಳು. "ಮಣ್ಣೆತ್ತಿನ ಅಮಾವಾಸಿಗೆ ನಿಮ್ಮನೆಯಾಗ ಎತ್ತು ಮಾಡ್ತಿರಲಿಲ್ಲೇನು?" ಅಂದಳು. ಮಾಡ್ತಿದ್ದೆವು. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಆ ಅಮಾವಾಸ್ಯೆ. ಹೊಲದಿಂದ ಎರೆ ಮಣ್ಣು ತಂದು, ಕಲಸಿ, ಅವ್ವ ಎರಡು ಎತ್ತು, ಮೇವು ಹಾಕುವ ಒಂದು ಗೋದಲಿ ಮಾಡುತ್ತಿದ್ದಳು. ಕಣ್ಣಿಗೆ ಜೋಳದ ಕಾಳು ಒತ್ತುವ ಕೆಲಸ ನನ್ನದು. ಪೂಜೆ ಆದ ಮೇಲೆ ಆಡಲು ಹೋದರೆ ಕೋಡು ಮುರಿಯುತ್ತಿತ್ತು, ಅಳು ಬರುತ್ತಿತ್ತು. ಆಡಿದರೂ ಮುರಿಯದ ಜೋಡೆತ್ತು ಮಾಡೋಣ ಅಂತ ಆ ದಿನವೇ ತೀರ್ಮಾನ ಆಯಿತು.

ರಟ್ಟಿನ ಎತ್ತು

ಲೆಕ್ಕ ಸುಲಭ ಅನ್ನಿಸಿತ್ತು. ಮುಂದಿನ ಅಚ್ಚಿಗೆ ಎರಡು ಗುಂಡು ಬಿಲ್ಲೆ ಹಾಕುವುದು. ಬಿಲ್ಲೆಯ ತೂತು ನಟ್ಟನಡುವೆ ಇರದೆ 3 ಮಿಮೀ ಪಕ್ಕಕ್ಕೆ. ಇದೇ ಕ್ಯಾಮ್. ಗಾಲಿ ತಿರುಗಿದರೆ ಅಚ್ಚು ತಿರುಗುತ್ತದೆ, ಅಚ್ಚು ತಿರುಗಿದರೆ ಬಿಲ್ಲೆ ಓಲಾಡುತ್ತದೆ, ಬಿಲ್ಲೆಯ ಮೇಲೆ ನಿಂತ ಕಡ್ಡಿ 6 ಮಿಮೀ ಮೇಲೆ ಕೆಳಗೆ ಹೋಗುತ್ತದೆ. ಆ ಕಡ್ಡಿ ಎತ್ತಿನ ಎದೆಯೊಳಗಿಂದ ಹಾದು ತಲೆಯನ್ನು ತಳ್ಳುತ್ತದೆ. ತಲೆ ಕುತ್ತಿಗೆಯ ಹತ್ತಿರ ಒಂದು ಕೀಲಿನ ಮೇಲೆ ಆಡುತ್ತದೆ.

ಮೂರನೇ ವಾರ ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಒಂದು ಎತ್ತು ಮಾಡಿದೆವು. ಕಡ್ಡಿಯನ್ನು ಕೀಲಿನ ಹಿಂದೆ ಇಟ್ಟಿದ್ದೆವು. ಹಿಂದಿನಿಂದ ಎತ್ತಿದರೆ ಮೂತಿ ಕೆಳಗೆ ಹೋಗುತ್ತದೆ ಅಲ್ವಾ, ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಗಾಲಿ ತಿರುಗಿಸಿದೆವು. ತಲೆ ಅಲುಗಲೇ ಇಲ್ಲ. ಮೂತಿ ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದುಕೊಂಡಿತ್ತು. ಹಿಂಭಾಗ ಮೇಲೆದ್ದು ನಿಂತಿತ್ತು. ಕೆಳಗಿನ ಕಡ್ಡಿಗೂ ಅದಕ್ಕೂ ಮುಟ್ಟಾಟವೇ ಇರಲಿಲ್ಲ. ಕಡ್ಡಿ ಎತ್ತಬಲ್ಲದೇ ಹೊರತು ಎಳೆಯಲಾರದು. ಇಳಿಸುವ ಕೆಲಸ ತಲೆಯ ಭಾರದ್ದೇ. ಹಾಗಾಗಿ ಕಡ್ಡಿ ಕೀಲಿಗಿಂತ ಮುಂದೆ, ಮೂತಿಯ ಕಡೆ ಇರಬೇಕು. ಕೀಲಿನಿಂದ 20 ಮಿಮೀ ಮುಂದಕ್ಕೆ ಜರುಗಿಸಿದೆವು. ಮೂತಿ ಕೀಲಿನಿಂದ 60 ಮಿಮೀ ದೂರ. ಕಡ್ಡಿ 6 ಮಿಮೀ ಎದ್ದರೆ ಮೂತಿ 18 ಮಿಮೀ ಏಳುತ್ತದೆ. ನೋಡಲು ಅಷ್ಟು ಸಾಕು.

ಈ ತಪ್ಪು ರಟ್ಟಿನಲ್ಲಿ ಆದದ್ದು ಒಳ್ಳೆಯದಾಯಿತು. ಹತ್ತು ನಿಮಿಷದಲ್ಲಿ ಹೊಸ ತೂತು ಕೊರೆದು ಮುಂದೆ ಹೋದೆವು. ರಟ್ಟಿನ ಮಾದರಿ ಬಿಟ್ಟು ನೇರ ಕಂಪ್ಯೂಟರಿನಲ್ಲಿ ಗೀಚಿದ ಇನ್ನೊಂದು ಗುಂಪು ಇಂಥದೇ ತಪ್ಪನ್ನು ಏಳನೇ ವಾರದಲ್ಲಿ ಕಂಡುಕೊಂಡಿತು. ಅವರ ಮುಖ ನೋಡಿ ನಮಗೂ ಬೇಜಾರಾಯಿತು.

ಎಂಡಿಎಫ್ ಎತ್ತು, ಜಾರುವ ಗಾಲಿ

ಐದನೇ ವಾರ ಕಾಲೇಜಿನ ಲೇಸರ್ ಮಷೀನಿನಲ್ಲಿ ಎಂಡಿಎಫ್ ಹಲಗೆ, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಕತ್ತರಿಸಿದೆವು. 5.5 ಮಿಮೀ ದಪ್ಪದ ಮೂರು ಪದರ ಅಂಟಿಸಿದರೆ ಒಂದು ತಲೆ. ಗಾಲಿ 60 ಮಿಮೀ. ಅಚ್ಚಿಗೆ ಏನು ಹಾಕುವುದು ಅಂತ ಹುಡುಕುತ್ತಾ ಕೌಲ್ ಬಜಾರಿನ ಒಂದು ಸೈಕಲ್ ಅಂಗಡಿಗೆ ಹೋದೆವು. ಸೈಕಲ್ ಸ್ಪೋಕ್ 2 ಮಿಮೀ ದಪ್ಪ, ನೇರ, ಬೇಗ ತುಕ್ಕು ಹಿಡಿಯುವುದಿಲ್ಲ, ಅಗ್ಗ. ಅದೇ ಅಂಗಡಿಯಲ್ಲಿ ಹಳೇ ಟ್ಯೂಬಿನ ತುಂಡು ಸುಮ್ನೆ ಕೊಟ್ಟರು. ಅದು ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ನುಣುಪಾದ ಸ್ಪೋಕಿಗೆ ಮರದ ಗಾಲಿ ಅಂಟಿಸಿದರೆ ಎರಡೇ ದಿನಕ್ಕೆ ಗಾಲಿ ಬೇರೆ, ಅಚ್ಚು ಬೇರೆ. ಸ್ಪೋಕಿನ ತುದಿಯನ್ನು ಇಕ್ಕಳದಿಂದ ಎಲ್ ಆಕಾರಕ್ಕೆ ಬಗ್ಗಿಸಿ, ಗಾಲಿಯ ಹೊರಮುಖದಲ್ಲಿ ಅಷ್ಟೇ ಉದ್ದದ ತೋಡು ಕೊರೆದು, ಅದರೊಳಗೆ ಕೂರಿಸಿ ಮೇಲೆ ಎಪಾಕ್ಸಿ ಅಂಟು ತುಂಬಿದೆವು. ಈಗ ಗಾಲಿ ಜಾರಬೇಕೆಂದರೆ ಮರವೇ ಸೀಳಬೇಕು. ಸ್ಪೋಕಿನ ಚೂಪು ತುದಿಯೂ ಒಳಗೇ ಮುಚ್ಚಿಹೋಗುತ್ತದೆ, ಮಗುವಿಗೆ ಚುಚ್ಚುವುದಿಲ್ಲ. ಬಿಲ್ಲೆಗಳಿಗೆ ಮಾತ್ರ ಸ್ಪೋಕನ್ನು ಅರದಿಂದ ಒಂದು ಕಡೆ ಚಪ್ಪಟೆ ಉಜ್ಜಿ ಎಪಾಕ್ಸಿ ಹಾಕಿದೆವು.

ಮೊದಲ ಸಲ ಓಡಿಸಿದಾಗ ಎರಡೂ ಎತ್ತು ಒಟ್ಟಿಗೆ ಕೋಲೆಬಸವನ ಹಾಗೆ ತಲೆಯಾಡಿಸಿದವು. ಗಾಡಿ ಬಿಕ್ಕಿ ಬಿಕ್ಕಿ ಹೋಗುತ್ತಿತ್ತು. ಅರ್ಧ ಸುತ್ತು ಭಾರ, ಅರ್ಧ ಸುತ್ತು ಹಗುರ. ಎರಡು ಬಿಲ್ಲೆಯ ಉಬ್ಬೂ ಒಂದೇ ಕಡೆ ಇದ್ದುದರಿಂದ ಎರಡೂ ತಲೆಯನ್ನು ಒಂದೇ ಹೊತ್ತಿಗೆ ಎತ್ತಬೇಕಿತ್ತು. ಬಲಗಡೆಯ ಬಿಲ್ಲೆ ಕಿತ್ತು ಅರ್ಧ ಸುತ್ತು ತಿರುಗಿಸಿ ಅಂಟಿಸಿದೆವು. ಈಗ ಒಂದು ತಲೆ ಇಳಿಯುವ ಭಾರವೇ ಇನ್ನೊಂದನ್ನು ಎತ್ತುತ್ತದೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಬಿಕ್ಕುವುದು ನಿಂತಿತು. ನೋಡಲೂ ಚೆಂದ. ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಫೋನಿನಲ್ಲಿ ಇದ್ದ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. "ಹೌದಪ್ಪಾ, ಕಣದಾಗ ಹಿಂಗ ಹೊಕ್ಕಾವ" ಅಂದರು. ನನಗೆ ಆ ಮಾತು ಮಾರ್ಕ್ಸ್‌ಗಿಂತ ಜಾಸ್ತಿ.

ಆದರೆ ಇನ್ನೊಂದು ತೊಂದರೆ ಉಳಿದಿತ್ತು. ಲ್ಯಾಬಿನ ಮೇಜಿನ ಮೇಲೆ ಚೆನ್ನಾಗಿ ಓಡುವ ಗಾಡಿ ಹಾಸ್ಟೆಲಿನ ನುಣುಪು ಟೈಲ್ಸ್ ಮೇಲೆ ಸುಮ್ಮನೆ ಜಾರುತ್ತಿತ್ತು. ಗಾಲಿ ತಿರುಗದು, ತಲೆ ಆಡದು. ಕಾಲೆಳೆದುಕೊಂಡು ಹೋಗುವ ಎತ್ತಿನಂತೆ. ಕೂತು ಲೆಕ್ಕ ಹಾಕಿದೆವು. ಒಂದು ತಲೆ 40 ಗ್ರಾಂ. ಅದರ ಭಾರದ ಕೇಂದ್ರ ಕೀಲಿನಿಂದ 35 ಮಿಮೀ, ಕಡ್ಡಿ 20 ಮಿಮೀ. ಅಂದರೆ ಕಡ್ಡಿಯ ಮೇಲೆ ಬೀಳುವುದು 40 ಅಲ್ಲ, 70 ಗ್ರಾಂ. ಎರಡು ತಲೆಗೆ 140. ಅಷ್ಟು ಭಾರ 12 ಮಿಮೀ ತ್ರಿಜ್ಯದ ಬಿಲ್ಲೆಯ ಅಂಚಿನ ಮೇಲೆ ಉಜ್ಜುತ್ತದೆ. ಮರಕ್ಕೆ ಮರ ಉಜ್ಜುವ ಘರ್ಷಣೆ 0.4 ಅಂತ ಹಿಡಿದರೆ, 30 ಮಿಮೀ ತ್ರಿಜ್ಯದ ಗಾಲಿಯ ಅಂಚಿನಲ್ಲಿ 22 ಗ್ರಾಂ ಬಲ ಬೇಕು. ಮುಂದಿನ ಗಾಲಿಗಳ ಮೇಲೆ ಇದ್ದ ಭಾರ 130 ಗ್ರಾಂ. ನುಣುಪು ಟೈಲ್ಸ್ ಮೇಲೆ ಹಿಡಿತ 0.2 ಇದ್ದರೆ ಸಿಗುವುದು 26 ಗ್ರಾಂ. ಕಾಗದದ ಮೇಲೆ ನಾಲ್ಕು ಗ್ರಾಂ ಉಳಿತಾಯ, ನಿಜದಲ್ಲಿ ಅಚ್ಚಿನ ಘರ್ಷಣೆಯೇ ಅದನ್ನು ತಿಂದುಬಿಡುತ್ತದೆ.

ಸಿಂಧನೂರಿನವನು ಗಾಡಿಗೆ ಇನ್ನಷ್ಟು ಭಾರ ಹಾಕೋಣ ಅಂದ. ಅಚ್ಚಿನ ಮೇಲೆ ಎರಡು ದೊಡ್ಡ ನಟ್ ಅಂಟಿಸಿದೆವು. ಓಡಿತು. ಆದರೆ ಕೈಯಲ್ಲಿ ಹಿಡಿದರೆ ಸುತ್ತಿಗೆ ಹಿಡಿದ ಹಾಗೆ. ಇದು ಮಗುವಿನ ಕಾಲ ಮೇಲೆ ಬಿದ್ದರೆ? ಕಿತ್ತು ಹಾಕಿದೆವು. ಟ್ಯೂಬಿನ ರಬ್ಬರನ್ನು ಬಳೆಯಂತೆ ಕತ್ತರಿಸಿ ಗಾಲಿಗೆ ತೊಡಿಸಿದೆವು. ಹಿಡಿತ ಜಾಸ್ತಿಯಾಯಿತು. ಬಿಲ್ಲೆಯನ್ನು 24 ಮಿಮೀಯಿಂದ 16 ಮಿಮೀಗೆ ಇಳಿಸಿದೆವು. ಅಂಚಿಗೆ ಮೇಣದ ಬತ್ತಿ ಉಜ್ಜಿದೆವು. ಎಲ್ಲ ಸ್ವಲ್ಪ ಸ್ವಲ್ಪ ಸಹಾಯ ಮಾಡಿತು. ಆದರೆ ತಲೆಯೇ ಭಾರ ಅನ್ನುವ ಮೂಲ ತೊಂದರೆ ಹಾಗೇ ಇತ್ತು.

ಕಿನ್ನಾಳದಲ್ಲಿ

ಕೊಪ್ಪಳದಿಂದ ಕಿನ್ನಾಳಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್. ನಾನು ಹುಟ್ಟಿದ ಜಿಲ್ಲೆಯಲ್ಲೇ ಇದ್ದರೂ ಕೆಲಸದ ಕಣ್ಣಿಟ್ಟು ಒಮ್ಮೆಯೂ ಹೋಗಿರಲಿಲ್ಲ. ಚಿತ್ರಗಾರರ ಮನೆಗಳು. ಗರುಡ, ಗಣಪತಿ, ದ್ಯಾಮವ್ವ, ಹಣ್ಣು ತರಕಾರಿ, ಪ್ರಾಣಿ ಎಲ್ಲ ಮಾಡುತ್ತಾರೆ. ಹಂಪಿಯ ವಿರೂಪಾಕ್ಷನ ಗುಡಿಯ ಚಾವಣಿ ಚಿತ್ರ ಬರೆದವರು ತಮ್ಮ ಹಿರಿಯರೇ ಅಂತ ಅವರ ನಂಬಿಕೆ. ಕಿನ್ನಾಳದ ಆಟಿಕೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಇದೆ.

ಒಬ್ಬ ಹಿರಿಯರು ಜಗಲಿಯ ಮೇಲೆ ಉಳಿ ಮಸೆಯುತ್ತಾ ಕೂತಿದ್ದರು. ನಮ್ಮ ಎಂಡಿಎಫ್ ತಲೆ ಕೊಟ್ಟೆವು. ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದರು. "ಇದು ತಲಿಯೋ ಕಲ್ಲೋ, ತಮ್ಮಾ?" ಅಂದರು. ಒಳಗಿನಿಂದ ಅರ್ಧ ಕೆತ್ತಿದ ಒಂದು ಗರುಡನ ತಲೆ ತಂದು ನನ್ನ ಕೈಯಲ್ಲಿಟ್ಟರು. ಅದು ನಮ್ಮದಕ್ಕಿಂತ ದೊಡ್ಡದು. ಕೈಯಲ್ಲಿ ಇದೆ ಅನ್ನುವುದೇ ಗೊತ್ತಾಗಲಿಲ್ಲ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿನ ಮರ. ಉಳಿ ಹಾಕಿದರೆ ಚೂರು ಸುರುಳಿ ಸುರುಳಿಯಾಗಿ ಏಳುತ್ತದೆ.

ನಾವು ಅಲ್ಲಿಯವರೆಗೆ ಮೆತ್ತಗಿನ ಮರ ಅಂದರೆ ಕಡಿಮೆ ಮರ ಅಂದುಕೊಂಡಿದ್ದೆವು. ಕ್ಲಾಸಿನ ಪಟ್ಟಿಯಲ್ಲಿ ಗಟ್ಟಿತನಕ್ಕೇ ಹೆಚ್ಚು ಅಂಕ ಕೊಟ್ಟು ಎಂಡಿಎಫ್ ಆರಿಸಿದ್ದೆವು. ಅಲ್ಲಿ ಕೂತಾಗ ತಿಳಿಯಿತು, ಗಟ್ಟಿತನ ಅವರು ಮರದಿಂದ ಕೇಳುವುದೇ ಇಲ್ಲ. ಅದು ಮೇಲಿನ ಲೇಪದಿಂದ ಬರುತ್ತದೆ. ಗೋಣಿ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ ಹಿಟ್ಟು. ಅದಕ್ಕೆ ಕಿಟ್ಟ ಅನ್ನುತ್ತಾರೆ. ತುಂಡುಗಳನ್ನು ಜೋಡಿಸುವುದೂ ಅದರಿಂದಲೇ, ಸಂದು ಮುಚ್ಚುವುದೂ ಅದರಿಂದಲೇ. ಒಣಗಿದ ಮೇಲೆ ಬೆರಳಿನಿಂದ ಬಡಿದರೆ ಚಿಪ್ಪಿನ ಹಾಗೆ ಸದ್ದು. ಒಳಗೆ ಹಗುರ, ಹೊರಗೆ ಗಟ್ಟಿ. ನಮ್ಮ ಪುಸ್ತಕದಲ್ಲಿ ಸ್ಯಾಂಡ್‌ವಿಚ್ ರಚನೆ ಅಂತ ಓದಿದ್ದೂ ಇದೇ ತಾನೇ.

ನಾಲ್ಕು ತುಂಡು ಹಗುರ ಮರ ತಂದೆವು. ಅದರಲ್ಲಿ ಕೆತ್ತಿದ ತಲೆ, ಕೋಡು ಸೇರಿ 16 ಗ್ರಾಂ. ಕಡ್ಡಿಯ ಮೇಲಿನ ಭಾರ 70ರಿಂದ 28ಕ್ಕೆ ಇಳಿಯಿತು. ಗಾಲಿಯ ಅಂಚಿನಲ್ಲಿ ಬೇಕಾದ ಬಲ, ಸಣ್ಣ ಬಿಲ್ಲೆಯ ಜೊತೆ ಲೆಕ್ಕ ಹಾಕಿದರೆ, 22ರಿಂದ 6 ಗ್ರಾಂಗೆ. ಟೈಲ್ಸ್ ಮೇಲೆ ಬಿಟ್ಟೆವು. ಎರಡು ಎತ್ತೂ ತಲೆಯಾಡಿಸುತ್ತಾ ಹಾಸ್ಟೆಲಿನ ಉದ್ದಕ್ಕೂ ಹೋದವು. ರೂಮುಗಳಿಂದ ಹುಡುಗರು ಹೊರಗೆ ಬಂದು ನೋಡಿದರು.

ಹಗುರ ಮರ ತನ್ನ ಬೇಡಿಕೆಯನ್ನೂ ಇಟ್ಟಿತು. ಅಚ್ಚು ತಿರುಗುವ ತೂತು ಒಂದೇ ವಾರದಲ್ಲಿ ಅಗಲವಾಗಿ ಗಾಲಿ ಸೊಟ್ಟ ಓಡತೊಡಗಿತು. ಸ್ಪೋಕ್ ಮರವನ್ನು ತಿನ್ನುತ್ತಿತ್ತು. ಖಾಲಿಯಾದ ಪೆನ್ನಿನ ರಿಫಿಲ್ ಕೊಳವೆ ಕತ್ತರಿಸಿ, ಸ್ಪಿರಿಟ್‌ನಲ್ಲಿ ತೊಳೆದು, ಒಳಗೆ 2.2 ಮಿಮೀ ಡ್ರಿಲ್ ಕೈಯಿಂದಲೇ ತಿರುಗಿಸಿ ಬುಷ್, ಅಂದರೆ ಅಚ್ಚು ತಿರುಗಲು ತೂತಿನೊಳಗೆ ಕೂರುವ ಕೊಳವೆ, ಮಾಡಿದೆವು. ಮಾದರಿಗೆ ಸಾಕಾಯಿತು. ಕೊನೆಯ ಗಾಡಿಗೆ ಹಿತ್ತಾಳೆಯ ಸಣ್ಣ ಕೊಳವೆ ಹಾಕಿದೆವು. ಇನ್ನೊಂದು ಬದಲಾವಣೆಯನ್ನೂ ಇದೇ ಹೊತ್ತಿಗೆ ಮಾಡಿದೆವು. ಮೊದಲು ಅಚ್ಚು ಪಕ್ಕದ ಹಲಗೆಯ ತೂತಿನೊಳಗೆ ಹೋಗುತ್ತಿತ್ತು. ಒಮ್ಮೆ ಗಾಲಿ ಅಂಟಿಸಿದರೆ ಮುಗಿಯಿತು, ರಿಪೇರಿಗೆ ಬಿಚ್ಚಬೇಕೆಂದರೆ ಒಡೆಯಲೇಬೇಕು. ಈಗ ತೂತಿನ ಬದಲು ತಳದಿಂದ ಸೀಳು. ಗಾಲಿ, ಬುಷ್, ಬಿಲ್ಲೆ ಎಲ್ಲ ಜೋಡಿಸಿದ ಅಚ್ಚನ್ನು ಕೆಳಗಿನಿಂದ ಕೂರಿಸಿ ಒಂದು ಪಟ್ಟಿ ಮುಚ್ಚುತ್ತೇವೆ. ಪಟ್ಟಿಗೆ ಎರಡು ಸ್ಕ್ರೂ. ಊರಿನಲ್ಲಿ ರೇಡಿಯೊ ರಿಪೇರಿ ಮಾಡುವವರೂ ಬಿಚ್ಚಿ ಸರಿಮಾಡಬಹುದು. ಆಟಿಕೆ ಅಂದರೆ ರಿಪೇರಿ ಆಗಬೇಕು ಅನ್ನುವುದರಲ್ಲಿ ನನಗೆ ತುಂಬ ಹಟ.

ಅಕ್ಕನ ಮಗಳ ಕೈಯಲ್ಲಿ

ಒಂಬತ್ತನೇ ವಾರ ಮಗುವಿನ ಪರೀಕ್ಷೆ. ಅಕ್ಕನ ಮಗಳಿಗೆ ನಾಲ್ಕು ವರ್ಷ. ಶನಿವಾರ ಸಂಜೆ ರೈಲಿಗೆ ಕೊಪ್ಪಳಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಮುಟ್ಟಿದೆ. ಗಾಡಿಗೆ ಹಗ್ಗ ಕಟ್ಟಿದ್ದೆವು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಂದ ಸಿಗುವ ಅಂಚಿನ ಬಟ್ಟೆ ಹೆಣೆದು ಮಾಡಿದ ಹಗ್ಗ. ಅವಳು ಅದನ್ನು ಹಿಡಿದು ಎಳೆಯುತ್ತಾಳೆ, ಎತ್ತು ತಲೆಯಾಡಿಸುತ್ತದೆ, ಅವಳು ನಗುತ್ತಾಳೆ. ನಮ್ಮ ವರದಿಯಲ್ಲಿ ಹೀಗೇ ಬರೆದಿದ್ದೆವು.

ಅವಳು ಹಗ್ಗ ಮುಟ್ಟಲೇ ಇಲ್ಲ. ಗಾಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಎತ್ತಿನ ಮೂತಿಯ ಹತ್ತಿರ ಮುಖ ತಂದು ನೋಡಿದಳು. ಎದ್ದು ಅಡುಗೆ ಮನೆಗೆ ಹೋಗಿ ಒಣ ರೊಟ್ಟಿಯ ಚೂರು ತಂದಳು. ನೆಲದ ಮೇಲಿಟ್ಟಳು. "ಮಾಮಾ, ಇದಕ್ಕ ಹಸಿವ್ಯಾಗೈತಿ" ಅಂದಳು. ಎತ್ತಿನ ತಲೆ ಎರಡೂ ಕೈಯಲ್ಲಿ ಹಿಡಿದು ರೊಟ್ಟಿಯ ಕಡೆ ಒತ್ತಿದಳು. ತಲೆ ಇಳಿಯಲಿಲ್ಲ, ಒಳಗೆ ಕಡ್ಡಿ ತಡೆದಿತ್ತು. "ತಿನ್ನವಲ್ದು" ಅಂತ ಇನ್ನೂ ಜೋರಾಗಿ ಒತ್ತಿದಳು. ಟಕ್ ಅಂತ ಸದ್ದು. ಬಿದಿರಿನ ಕಡ್ಡಿ ಸೀಳಿತ್ತು, ಬಿಲ್ಲೆಯ ಅಂಟೂ ಬಿಟ್ಟಿತ್ತು. ತಲೆ ಸಲೀಸಾಗಿ ರೊಟ್ಟಿಯ ಮೇಲೆ ಬಿತ್ತು. ಅವಳಿಗೆ ಖುಷಿಯೋ ಖುಷಿ. "ತಿಂತು ನೋಡು ಮಾಮಾ!" ಎರಡನೇ ಎತ್ತಿಗೂ ಅದೇ ಆಯಿತು. ಮುಂದಿನ ಅರ್ಧ ಗಂಟೆ ಮುರಿದ ಗಾಡಿಯ ಜೊತೆ ಅವಳು ಆಡಿದ ಆಟವನ್ನು ನಾನು ಸುಮ್ಮನೆ ಕೂತು ನೋಡಿದೆ. ಮೇಯಿಸಿದಳು, ನೀರು ಕುಡಿಸಿದಳು, ಮಲಗಿಸಿದಳು. ಎಳೆದದ್ದು ಒಂದೇ ಸಲ, ಅದೂ ಮನೆಯೊಳಗೆ ಕಟ್ಟಿಹಾಕಲು.

ಸೋಮವಾರ ಗುಂಪಿಗೆ ಹೇಳಿದೆ. ಕಂಪ್ಲಿಯವನು ಕಡ್ಡಿಯನ್ನು ಕಬ್ಬಿಣದ್ದು ಮಾಡೋಣ ಅಂದ. ಸಂಡೂರಿನವಳು ಒಪ್ಪಲಿಲ್ಲ. "ಅಕಿ ಮೇಯಸಬೇಕಂತಾಳ. ಅದು ತಪ್ಪಲ್ಲ, ಅದೇ ಆಟ. ತಲಿ ಇಳಿಬೇಕು" ಅಂದಳು. ಅವಳ ಮಾತೇ ಸರಿ. ನಾವು ಎಳೆಯುವ ಆಟಿಕೆ ಮಾಡಿದ್ದೆವು, ಮಗುವಿಗೆ ಬೇಕಾಗಿದ್ದು ಮೇಯಿಸುವ ಆಟಿಕೆ. ಆ ಸಂಜೆ ನಮ್ಮ ಅಳತೆಯ ಹಾಳೆಯ ತಲೆಬರಹ ಬದಲಾಯಿಸಿದೆವು.

ಈಗ ಬೇಕಾದದ್ದು ಇದು: ಗಾಲಿ ಉರುಳಿದರೆ ಕಡ್ಡಿ ತಲೆಯನ್ನು ಎತ್ತಬೇಕು. ಆದರೆ ಕೈಯಿಂದ ಒತ್ತಿದರೆ ಕಡ್ಡಿಯೇ ಬಗ್ಗಿಕೊಡಬೇಕು, ಬಿಟ್ಟರೆ ತಲೆ ತಾನೇ ಮೇಲೆ ಬರಬೇಕು. ಉತ್ತರ ಮತ್ತೆ ಪೆನ್ನಿನಲ್ಲೇ ಸಿಕ್ಕಿತು. ಒತ್ತುವ ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗ್. ಕಡ್ಡಿಯನ್ನು ಎರಡು ತುಂಡು ಮಾಡಿ ನಡುವೆ ಸ್ಪ್ರಿಂಗ್ ಇಟ್ಟೆವು. ಎದೆಯೊಳಗಿನ ತೂತು 5 ಮಿಮೀ. ಅದೇ ಸ್ಪ್ರಿಂಗಿಗೆ ಗೂಡು. ಕಡ್ಡಿಯ ಮೇಲೆ ಬೀಳುವ 28 ಗ್ರಾಂ ಭಾರಕ್ಕೆ ಸ್ಪ್ರಿಂಗ್ ಹೆಚ್ಚೇನೂ ಕುಗ್ಗುವುದಿಲ್ಲ, ಹಾಗಾಗಿ ಉರುಳುವಾಗ ಗಟ್ಟಿ ಕಡ್ಡಿಯಂತೆಯೇ ಕೆಲಸ ಮಾಡುತ್ತದೆ. ಬೆರಳಿನಿಂದ ಒತ್ತಿದರೆ 8 ಮಿಮೀ ಕುಗ್ಗುತ್ತದೆ, ಮೂತಿ 24 ಮಿಮೀ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋಗದಂತೆ ಕುತ್ತಿಗೆಯ ಕೆಳಗೆ ಎದೆಯ ಮೇಲೊಂದು ತಡೆ ಬಿಟ್ಟೆವು. ಮಗು ಎಷ್ಟೇ ಒತ್ತಿದರೂ ಆ ಬಲವೆಲ್ಲ ತಡೆಯ ಮೇಲೆ, ದೇಹದ ಮೇಲೆ. ಕಡ್ಡಿಗೆ, ಬಿಲ್ಲೆಗೆ ತಾಗುವುದಿಲ್ಲ. ಎಂಡಿಎಫ್ ತಲೆ ಆಗಿದ್ದರೆ ಇದೇ ಸ್ಪ್ರಿಂಗ್ ಅದರ ಭಾರಕ್ಕೇ ಹೆಚ್ಚು ಕುಗ್ಗಿ ತಲೆ ತಗ್ಗಿಯೇ ಇರುತ್ತಿತ್ತೇನೋ. ಹಗುರ ಮರ ಇಲ್ಲಿ ಎರಡನೇ ಸಲ ಕೈಹಿಡಿಯಿತು.

ಗಾಡಿಯ ಜೊತೆಗೆ ಒಂದು ಗೋದಲಿಯನ್ನೂ ಮಾಡಿದೆವು. ಮೂತಿ ಇಳಿದರೆ ಸರಿಯಾಗಿ ಒಳಗೆ ಮುಟ್ಟುವಷ್ಟು ಎತ್ತರದ್ದು. ಗಾಡಿಗಿಂತ ಗೋದಲಿ ಮಾಡುವಾಗ ನಮ್ಮ ನಾಲ್ವರಿಗೂ ಹೆಚ್ಚು ಹುರುಪು ಇತ್ತು. ಹಗ್ಗವನ್ನು ಗಿಡ್ಡ ಮಾಡಿ ತುದಿಗೆ ಮರದ ಗುಂಡು ಕಟ್ಟಿದೆವು, ಕುತ್ತಿಗೆಗೆ ಸುತ್ತಿಕೊಳ್ಳದಿರಲಿ ಅಂತ.

ಕೋಡು

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೆ, ಜಿಐ ಪಡೆದ ಆಟಿಕೆಗಳಿಗೆ ವಿನಾಯಿತಿ ಇದೆ. ನಾವು ಮಾರುವುದಿಲ್ಲ, ಆದರೂ ಆಟಿಕೆ ಸುರಕ್ಷತೆಯ ಐಎಸ್ 9873 ಮಾನದಂಡವನ್ನು ಕ್ಲಾಸಿನಲ್ಲಿ ಓದಿದೆವು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಲೋಟದಂಥ ಅಳತೆ. ಒಳವ್ಯಾಸ 31.7 ಮಿಮೀ, ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಮೀ. ಮಗುವಿನ ಗಂಟಲಿನ ಅಂದಾಜು ಅದು. ಮೂರು ವರ್ಷದೊಳಗಿನವರ ಆಟಿಕೆಯಿಂದ ಬಿಟ್ಟ ಯಾವ ತುಂಡೂ ಆ ಲೋಟದೊಳಗೆ ಪೂರ್ತಿ ಹಿಡಿಸಬಾರದು. ನಮ್ಮ ಗಾಡಿ ಮೂರು ವರ್ಷ ದಾಟಿದವರಿಗೆ. ಆದರೆ ಹಳ್ಳಿಮನೆಯಲ್ಲಿ ಅಕ್ಕನ ಆಟಿಕೆ ತಮ್ಮನ ಬಾಯಿಗೆ ಹೋಗದೆ ಇರುತ್ತದೆಯೇ? ಲ್ಯಾಬಿನ ತ್ರೀಡಿ ಪ್ರಿಂಟರಿನಲ್ಲಿ ಆ ಲೋಟ ಮಾಡಿಕೊಂಡು, ಗಾಡಿಯನ್ನು ಮೇಜಿನ ಎತ್ತರದಿಂದ ಕೆಳಗೆ ಬಿಟ್ಟೆವು.

ಎರಡನೇ ಸಲಕ್ಕೆ ಕೋಡು ಮುರಿಯಿತು. ಲೋಟಕ್ಕೆ ಹಾಕಿದರೆ ಒಳಗೆ ಹೋಗಿ ಕೂತಿತು. ಬಾಲ್ಯದ ಮಣ್ಣೆತ್ತಿನ ಕೋಡೇ ಮತ್ತೆ ಮುರಿದ ಹಾಗಾಯಿತು ನನಗೆ. ಹೊಸ ತಲೆ ಕೆತ್ತಿ ಬಿಟ್ಟರೂ ಅದೇ.

ಮುರಿದ ತಲೆ ಹಿಡಿದು ಮತ್ತೆ ಕಿನ್ನಾಳಕ್ಕೆ. ಆ ಹಿರಿಯರು ಒಂದು ಬೆರಳು ನೀರಿನಲ್ಲಿ ಅದ್ದಿ ಮುರಿದ ಜಾಗಕ್ಕೆ ಸವರಿದರು. ಒಣಗಿದ್ದಾಗ ಕಾಣದ ಮರದ ಎಳೆ ಒದ್ದೆಯಾದಾಗ ಗೆರೆ ಗೆರೆಯಾಗಿ ಎದ್ದು ಕಂಡಿತು. "ಎಳಿ ಎತ್ತಾಗ ಹೊಂಟೈತಿ ನೋಡು. ಮೂತಿ ಕಡೆ. ನಿನ್ನ ಕೋಡು ಎತ್ತಾಗ ನಿಂತೈತಿ? ಮ್ಯಾಲಕ್ಕ. ಅಡ್ಡ ಎಳಿ ಮ್ಯಾಲೆ ನಿಂತದ್ದು ಬಿಸ್ಕೀಟ್ ಇದ್ದಂಗ, ತಮ್ಮಾ." ತಮ್ಮ ಗರುಡನ ರೆಕ್ಕೆ ತೋರಿಸಿದರು. ರೆಕ್ಕೆ ಬೇರೆ ತುಂಡು, ಎಳೆ ಉದ್ದಕ್ಕೆ ಬರುವಂತೆ ಕತ್ತರಿಸಿ ಕೂರಿಸಿದ್ದು, ಸಂದಿಗೆ ನಾರು ಸುತ್ತಿ ಕಿಟ್ಟ ಮೆತ್ತಿದ್ದು. ನಾವು ತಲೆ, ಕೋಡು ಒಂದೇ ತುಂಡಿನಲ್ಲಿ ಇದ್ದರೆ ಗಟ್ಟಿ ಅಂದುಕೊಂಡಿದ್ದೆವು. ಅದು ಎಂಡಿಎಫ್ ಬುದ್ಧಿ. ಎಂಡಿಎಫ್‌ಗೆ ಎಳೆಯೇ ಇಲ್ಲ, ಮರಕ್ಕೆ ಇದೆ.

ಕೋಡುಗಳನ್ನು ಜಾಲಿ ಮರದಲ್ಲಿ ಮಾಡಿದೆವು. 6 ಮಿಮೀ ದಪ್ಪದ ಬುಡ, ತಲೆಯೊಳಗೆ 15 ಮಿಮೀ ಆಳ. ಬುಡಕ್ಕೆ ಗೋಣಿ ನಾರು ಸುತ್ತಿ ಕಿಟ್ಟ. ತುದಿಯನ್ನು ಬಟಾಣಿ ಕಾಳಿನಷ್ಟು ದುಂಡಗೆ ಮಾಡಿದೆವು. ಹತ್ತು ಸಲ ಬಿಟ್ಟರೂ ಮುರಿಯಲಿಲ್ಲ. ಒಮ್ಮೆ ಗಾಲಿಯ ರಬ್ಬರ್ ಬಿಚ್ಚಿಕೊಂಡಿತು, ಅಷ್ಟೇ. ಅದನ್ನೂ ಅಂಟಿಸಿದೆವು.

ಕಿಟ್ಟ ಮಾಡಿದ ಕಥೆ ಸ್ವಲ್ಪ ಹೇಳಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಸಿ, ಅವ್ವ ಮಿಕ್ಸಿಯಲ್ಲಿ ರುಬ್ಬಿಕೊಟ್ಟಳು. ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವಿದರೆ ಗಂಜಿಯಂಥ ಅಂಟು. ಬೆರಳಿಗೆ ಹತ್ತಿದರೆ ಎಳೆ ಎಳೆಯಾಗಿ ಬರಬೇಕು. ಅದಕ್ಕೆ ಜರಡಿ ಹಿಡಿದ ಮರದ ಹೊಟ್ಟು, ಸಣ್ಣಗೆ ಕತ್ತರಿಸಿದ ಗೋಣಿ ನಾರು. ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ಇರುವಂತೆ ನಾದಬೇಕು. ಮೊದಲ ಸಲ ದಪ್ಪಗೆ ಮೆತ್ತಿ ಹಾಸ್ಟೆಲಿನ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ಲ. ಮಧ್ಯಾಹ್ನಕ್ಕೆ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು. ಹೊರಗೆ ಒಣಗಿ ಬಿಗಿದುಕೊಂಡು, ಒಳಗೆ ಹಸಿ ಉಳಿದಿತ್ತು. ಕೆರೆದು ತೆಗೆದು, ಆಮೇಲೆ ಒಂದೊಂದು ಮಿಮೀ ದಪ್ಪದ ಮೂರು ಪದರ ಹಾಕಿದೆ. ಪ್ರತಿ ಪದರವನ್ನೂ ನೆರಳಿನಲ್ಲಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಒಂದು ರಾತ್ರಿ ಒಂದು ಹಗಲು ಬಿಟ್ಟೆ. ಒಂದು ಬಿರುಕೂ ಬರಲಿಲ್ಲ. ಆದರೆ ಕಿಟ್ಟದಿಂದ ತಲೆಯ ತೂಕ 16ರಿಂದ 21 ಗ್ರಾಂಗೆ ಏರಿತು. ಅಷ್ಟನ್ನು ಸ್ಪ್ರಿಂಗ್ ತಡೆಯಿತು.

ಬಣ್ಣದ ವಿಷಯ ಬೇಗ ಮುಗಿಯಿತು. ಸೀಸ 90 ಪಿಪಿಎಂಗಿಂತ ಕಡಿಮೆ ಅಂತ ಡಬ್ಬಿಯ ಮೇಲೆ ಬರೆದಿದ್ದ, ನೀರಿನಲ್ಲಿ ಕರಗುವ ಬಣ್ಣವನ್ನೇ ತಂದೆವು. ಬಿಳಿ ಮೈ, ಕಾರ ಹುಣ್ಣಿಮೆಗೆ ಬಳಿಯುವ ಹಾಗೆ ಕೋಡಿಗೆ ಒಂದು ಕೆಂಪು, ಒಂದು ಹಸಿರು. ಕಣ್ಣು ಬರೆಯಲು ಸಂಡೂರಿನವಳಿಗೇ ಬಿಟ್ಟೆವು. ಬೆನ್ನ ಮೇಲಿನ ಇಣಿಯನ್ನು ಕಿಟ್ಟದಲ್ಲೇ ಎಬ್ಬಿಸಿದ್ದೆ. ಅದು ನನ್ನ ಕೈಯ ಗುರುತು.

ಕೊನೆಯ ಪ್ರದರ್ಶನದಲ್ಲಿ ಒಬ್ಬರು ಇದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಬಹುದೇ ಅಂತ ಕೇಳಿದರು. ನಮ್ಮ ಜಿಲ್ಲೆಯ ಭಾನಾಪುರದಲ್ಲೇ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್ ಇದೆ. 2021ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು. ಕೇಳಿದ್ದು ನ್ಯಾಯವಾದ ಪ್ರಶ್ನೆ. ಒಳಗೆ ಟೊಳ್ಳಾದ ತಲೆ ಮಾಡಿದರೆ 20 ಗ್ರಾಂನೊಳಗೆ ಬರಬಹುದು, ಆಗ ಉಳಿದ ಅಳತೆ ಎಲ್ಲ ಹಾಗೇ ನಡೆಯುತ್ತದೆ ಅಂತ ಹೇಳಿದೆ. ಆದರೆ ನನಗೆ ಕಿನ್ನಾಳದಲ್ಲೇ ಇನ್ನೊಂದು ಹತ್ತು ಜೋಡಿ ಮಾಡಿಸಿ ನೋಡುವ ಆಸೆ. ಅಚ್ಚು, ಬಿಲ್ಲೆ, ಸ್ಪ್ರಿಂಗ್ ನಾವು ಕೊಡುವುದು, ತಲೆ, ಮೈ, ಬಣ್ಣ ಅವರದ್ದು, ಅದಕ್ಕೆ ಅವರು ಹೇಳಿದ ಬೆಲೆ. ಆ ಹಿರಿಯರ ಹತ್ತಿರ ಮಾತಾಡಿದ್ದೇನೆ. "ಮೊದಲ ನಿನ್ನ ಜೋಡಿ ಒಂದು ವರ್ಷ ಆಡಲಿ, ಆಮ್ಯಾಲೆ ನೋಡೂಣು" ಅಂದಿದ್ದಾರೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಗಾಡಿಯನ್ನು ಊರಿಗೆ ಒಯ್ದೆ. ಅವ್ವ ಮಣ್ಣಿನ ಎತ್ತುಗಳ ಪಕ್ಕದಲ್ಲೇ ಇಟ್ಟು ಕುಂಕುಮ ಹಚ್ಚಿದಳು. ಆಮೇಲೆ ಅಕ್ಕನ ಮಗಳು ಗೋದಲಿಗೆ ಜೋಳದ ಕಾಳು ತುಂಬಿ ಮೇಯಿಸಿದಳು. ಮೂರನೇ ದಿನಕ್ಕೆ ಬಲಗಡೆಯ ಎತ್ತು ತಲೆಯಾಡಿಸುವುದು ನಿಲ್ಲಿಸಿತು. ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಏಳುವುದಿಲ್ಲ. ತಳದ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿದೆ. ಸ್ಪ್ರಿಂಗ್ ಸರಿಯಿತ್ತು, ಬಿಲ್ಲೆಯೂ ಬಿಗಿಯಾಗಿತ್ತು. ಕಡ್ಡಿಯ ಗೂಡಿನೊಳಗೆ ಎರಡು ಜೋಳದ ಕಾಳು ಸಿಕ್ಕಿಕೊಂಡಿದ್ದವು. ಅವಳು ಬಾಯಿಯ ಹತ್ತಿರ ತುರುಕಿದ್ದು ಎದೆಯ ಸಂದಿಯಿಂದ ಒಳಗೆ ಇಳಿದಿತ್ತು. ಕಾಳು ಹೊರಗೆ ಬಿದ್ದಾಗ ಅವಳು ಎಣಿಸಿ ವಾಪಸ್ ಇಸಿದುಕೊಂಡಳು. ಆ ಸಂದಿಗೆ ಜೀನ್ಸ್ ಬಟ್ಟೆಯದೊಂದು ಸಣ್ಣ ಗಂಗೆದೊಗಲು ಅಂಟಿಸುವ ಕೆಲಸ ಈಗ ನಡೆದಿದೆ. ತಲೆ ಆಡುವಷ್ಟು ಸಡಿಲ ಇರಬೇಕು, ಕಾಳು ಹೋಗದಷ್ಟು ಬಿಗಿ. ಮೊದಲ ಎರಡು ಅಳತೆ ಸರಿಬರಲಿಲ್ಲ. ಮೂರನೆಯದು ಇವತ್ತು ಅಂಟಿಸಿದ್ದೇನೆ, ಒಣಗುತ್ತಿದೆ.